ವಿಲ್ಲಿಸ್ ಎಂಬಿ (1943): ಘಾಟಿ ಹತ್ತುವಾಗ ನಿಂತುಬಿಡುತ್ತದೆ, ತಣ್ಣಗಾದ ಮೇಲೆ ತಾನೇ ಹೊರಡುತ್ತದೆ

ತೋಟದ ಜೀಪು:

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಕಡೆಯ ನಮ್ಮ ತೋಟಕ್ಕೆ ಅಜ್ಜನವರು ಮಿಲಿಟರಿ ಹರಾಜಿನಲ್ಲಿ ಕೊಂಡುತಂದಿದ್ದ ಎರಡನೇ ಮಹಾಯುದ್ಧದ ಕಾಲದ ಜೀಪನ್ನು ಮೂಲ ಸ್ಥಿತಿಗೆ ತರುವ ಕೆಲಸ ಬಹುಮಟ್ಟಿಗೆ ಮುಗಿದಿದೆ. ಚಾಸಿಯ ಮುಂದಿನ ಅಡ್ಡಪಟ್ಟಿ ದುಂಡು ಕೊಳವೆಯದಾಗಿದ್ದು, ಬೋಲ್ಟುಗಳ ಮೇಲೆ ಎಲ್ಲಿಯೂ ಫೋರ್ಡಿನ ‘ಎಫ್’ ಗುರುತು ಇಲ್ಲದಿರುವುದರಿಂದ ಇದು ಅದೇ ವಿನ್ಯಾಸದಲ್ಲಿ ಫೋರ್ಡ್ ತಯಾರಿಸಿದ ಜಿಪಿಡಬ್ಲ್ಯು ಅಲ್ಲ, ವಿಲ್ಲಿಸ್ ಎಂಬಿಯೇ. ಎಂಜಿನ್ ಮೂಲದ್ದೇ ಆಗಿದ್ದು, ಬೋರ್ ಮಾಡಿಸಿ ಹೊಸ ಪಿಸ್ಟನ್ನು ಹಾಕಿಸಲಾಗಿದೆ. ಕಾರ್ಟರ್ ಡಬ್ಲ್ಯುಓ ಕಾರ್ಬುರೇಟರ್, ಮೆಕ್ಯಾನಿಕಲ್ ಪೆಟ್ರೋಲ್ ಪಂಪು ಮತ್ತು 6 ವೋಲ್ಟಿನ ವೈರಿಂಗನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ.

ಸಮತಟ್ಟಾದ ರಸ್ತೆಯಲ್ಲಿ ಯಾವ ತಕರಾರೂ ಇಲ್ಲ. ಆದರೆ ಉಜಿರೆ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತತೊಡಗಿದರೆ, ಅರ್ಧ ದಾರಿ ದಾಟುವಷ್ಟರಲ್ಲಿ ಎಂಜಿನ್ ಮುಗ್ಗರಿಸಲಾರಂಭಿಸಿ, ಎರಡನೇ ಗೇರಿಗೆ ಇಳಿಸಿದರೂ ಎಳೆಯದೆ ನಿಂತುಬಿಡುತ್ತದೆ. ನೀರಿನ ಮೀಟರು 180 ಫ್ಯಾರನ್‌ಹೀಟ್ ಆಸುಪಾಸಿನಲ್ಲೇ ಇರುತ್ತದೆ; ರೇಡಿಯೇಟರ್ ಕುದಿಯುವುದಿಲ್ಲ. ಬಾನೆಟ್ಟು ಎತ್ತಿ ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಸ್ಪಾರ್ಕಿಗೆ ಬೇಕಾದ ಹೆಚ್ಚಿನ ವೋಲ್ಟು ಒದಗಿಸುವ ಕಾಯಿಲನ್ನು ಬದಲಿಸಿ ನೋಡಿದರೂ ವ್ಯತ್ಯಾಸ ಕಾಣಲಿಲ್ಲ. ಇಲ್ಲಿನ ಮೇಸ್ತ್ರಿಯೊಬ್ಬರು ಇಡೀ ಗಾಡಿಯನ್ನು 12 ವೋಲ್ಟಿಗೆ ಬದಲಾಯಿಸಿ ಎಲೆಕ್ಟ್ರಿಕ್ ಪಂಪು ಹಾಕಿಬಿಡೋಣ ಎನ್ನುತ್ತಿದ್ದಾರೆ. ಅದಕ್ಕೆ ನನ್ನ ಮನಸ್ಸು ಒಪ್ಪುತ್ತಿಲ್ಲ. ಎಲ್ಲಿಂದ ಹುಡುಕಲು ಆರಂಭಿಸಬೇಕು?

ಹಳೇ ಪಾನಾ:

ಮೇಸ್ತ್ರಿಯವರ ಸಲಹೆಯನ್ನು ಸದ್ಯಕ್ಕೆ ಬದಿಗಿಡಿ. ಕಾರಣ ತಿಳಿಯದೆ ಒಂದೊಂದೇ ಬಿಡಿಭಾಗ ಬದಲಿಸುತ್ತ ಹೋದರೆ ಹಣದ ಜೊತೆಗೆ, ಇನ್ನು ಸಿಗದಿರುವ ಮೂಲ ಭಾಗಗಳೂ ಗುಜರಿ ಸೇರುತ್ತವೆ. ಬಿಸಿಯಾದಾಗ ನಿಂತು ತಣ್ಣಗಾದಾಗ ಹೊರಡುವ ಕಾಯಿಲೆಗೆ ಎರಡೇ ಮೂಲ: ಒಂದೋ ಸ್ಪಾರ್ಕು ಬರುತ್ತಿಲ್ಲ, ಇಲ್ಲವೋ ಪೆಟ್ರೋಲು ಬರುತ್ತಿಲ್ಲ. ಯಾವುದು ಎಂಬುದನ್ನು ಗಾಡಿ ನಿಂತ ಜಾಗದಲ್ಲಿಯೇ, ತಣ್ಣಗಾಗುವ ಮೊದಲೇ ನೋಡಬೇಕು. ಮನೆಗೆ ತಂದು ಶೆಡ್ಡಿನಲ್ಲಿ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ನಿಂತ ಕೂಡಲೇ ಕಾರ್ಬುರೇಟರಿನ ಮೇಲಿನ ಗಾಳಿಕೊಳವೆಯನ್ನು ಬಿಚ್ಚಿ, ಒಳಗೆ ನೋಡುತ್ತ ಆಕ್ಸಿಲರೇಟರಿನ ಕಡ್ಡಿಯನ್ನು ಕೈಯಿಂದ ಎಳೆಯಿರಿ. ಪೆಟ್ರೋಲಿನ ಸಣ್ಣ ಧಾರೆ ಚಿಮ್ಮಿದರೆ ಕಾರ್ಬುರೇಟರಿನ ಬಟ್ಟಲಿನಲ್ಲಿ ಪೆಟ್ರೋಲು ಇದೆ ಎಂದರ್ಥ. ಚಿಮ್ಮದಿದ್ದರೆ ಬಟ್ಟಲು ಬರಿದಾಗಿದೆ. ಕೊಳವೆಯನ್ನು ಮರಳಿ ಜೋಡಿಸಿದ ಮೇಲೆ ಒಂದು ಪ್ಲಗ್ಗಿನ ವೈರನ್ನು ಒಣಬಟ್ಟೆಯಲ್ಲಿ ಹಿಡಿದು ಹೆಡ್ಡಿನಿಂದ ಕಾಲು ಇಂಚು ದೂರದಲ್ಲಿಟ್ಟು, ಇನ್ನೊಬ್ಬರಿಂದ ಸ್ಟಾರ್ಟರ್ ತುಳಿಸಿ ಸ್ಪಾರ್ಕನ್ನು ನೋಡಿರಿ. ಎಂಜಿನ್ನಿನ ಬಿಸಿ ಹೊಗೆ ಹೊರಹೋಗುವ ಕೆಂಡದಂತಹ ಮ್ಯಾನಿಫೋಲ್ಡು ಪಕ್ಕದಲ್ಲೇ ಇರುವುದರಿಂದ ಪೆಟ್ರೋಲು ಎಲ್ಲಿಯೂ ಚೆಲ್ಲಿರಬಾರದು, ಬೆಂಕಿ ನಂದಿಸುವ ಸಿಲಿಂಡರು ಕೈಗೆಟಕುವಂತಿರಬೇಕು.

ಇನ್ನೊಂದು ಪರೀಕ್ಷೆ ಅಂಬಾಸಿಡರ್ ಟ್ಯಾಕ್ಸಿಯವರಿಂದ ಬಂದದ್ದು. ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಮೇಲೆ ನೀರು ಹನಿಸಿರಿ. ಅರ್ಧ ಗಂಟೆ ಕಾಯಬೇಕಾದ ಗಾಡಿ ಕೆಲವೇ ನಿಮಿಷಗಳಲ್ಲಿ ಹೊರಟರೆ ಅದು ವೇಪರ್ ಲಾಕ್, ಅಂದರೆ ಪೈಪಿನೊಳಗೆ ಪೆಟ್ರೋಲು ಆವಿಯಾಗಿ ಪಂಪು ಬರಿ ಆವಿಯನ್ನೇ ಎಳೆಯುತ್ತಿರುವುದು ಖಚಿತ. ಟ್ಯಾಂಕಿನ ಮುಚ್ಚಳವನ್ನೂ ಒಮ್ಮೆ ಸಡಿಲಿಸಿ, ಗಾಳಿ ಒಳಗೆ ಎಳೆದುಕೊಂಡ ಸದ್ದು ಬರುತ್ತದೆಯೇ ಎಂದು ಕೇಳಿಸಿಕೊಳ್ಳಿ. ಬಂದರೆ ಮುಚ್ಚಳದ ಗಾಳಿರಂಧ್ರ ಕಟ್ಟಿಕೊಂಡಿದೆ.

ಆರು ವೋಲ್ಟು:

ವೇಪರ್ ಲಾಕ್ ಇರಬಹುದು, ಆದರೆ ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳು ಸುಡದಂತೆ ಕಾಯುವ ಕಂಡೆನ್ಸರನ್ನು ಮರೆಯಬೇಡಿ. ಒಳಗಿನ ನಿರೋಧಕ ಕೆಟ್ಟ ಕಂಡೆನ್ಸರು ಬಿಸಿಯಾದಾಗ ಮಾತ್ರ ಕೈಕೊಡುತ್ತದೆ, ಲಕ್ಷಣವೂ ಹೆಚ್ಚುಕಡಿಮೆ ಇದೇ. ಪಾಯಿಂಟಿನ ಅಂತರ 0.020 ಇಂಚು, ಪ್ಲಗ್ಗಿನದು 0.030 ಇಂಚು ಇರಲಿ. ನಿಮ್ಮ ಬಾನೆಟ್ಟಿನ ಮೇಲಿನ ಮೂಲ ಸಂಖ್ಯೆಯ ಕೊನೆಯಲ್ಲಿ ‘ಎಸ್’ ಅಕ್ಷರದ ಅವಶೇಷ ಸಿಕ್ಕಿದ್ದರೆ ಅದು ರೇಡಿಯೋಗೆ ತೊಂದರೆಯಾಗದಂತೆ ಸಜ್ಜುಗೊಳಿಸಿದ ಗಾಡಿ. ಅಂಥವುಗಳಲ್ಲಿ ಪ್ಲಗ್ಗಿನ ವೈರುಗಳಿಗೆ ಸಪ್ರೆಸರ್‌ಗಳು ಇರುತ್ತವೆ, ಅವು ಹಳತಾದರೆ ಸ್ಪಾರ್ಕನ್ನೇ ನುಂಗಿಬಿಡುತ್ತವೆ.

12 ವೋಲ್ಟಿನ ವಿಚಾರ. ಒಂದೇ ಕೆಲಸಕ್ಕೆ 6 ವೋಲ್ಟಿನಲ್ಲಿ ಎರಡರಷ್ಟು ಆಂಪಿಯರ್ ಹರಿಯಬೇಕಾಗುವುದರಿಂದ ಅದೇ ವೈರಿನಲ್ಲಿ ಎರಡರಷ್ಟು ವೋಲ್ಟು ಸೋರುತ್ತದೆ. ಮೂಲ ವೋಲ್ಟೇ ಅರ್ಧವಾಗಿರುವುದರಿಂದ ಒಟ್ಟು ನಷ್ಟದ ಪ್ರಮಾಣ ನಾಲ್ಕರಷ್ಟಾಗುತ್ತದೆ. ಇಂದಿನ ಕಾರುಗಳ ತೆಳ್ಳನೆಯ ಬ್ಯಾಟರಿ ಕೇಬಲ್ ಹಾಕಿ, ಬಣ್ಣದ ಮೇಲೆಯೇ ಅರ್ತಿಂಗ್ ಕೊಟ್ಟು, ಆಮೇಲೆ 6 ವೋಲ್ಟು ಸರಿಯಿಲ್ಲ ಎಂದು ದೂರುವವರನ್ನು ಬಹಳ ನೋಡಿದ್ದೇನೆ. ದಪ್ಪ ಕೇಬಲ್, ಲೋಹ ಕಾಣುವಂತೆ ಉಜ್ಜಿದ ಅರ್ತಿಂಗ್, ಎಂಜಿನ್ನಿಗೂ ಚಾಸಿಗೂ ನಡುವೆ ನೇಯ್ದ ಪಟ್ಟಿ, ಇಷ್ಟಿದ್ದರೆ ಈ ಎಂಜಿನ್ನಿಗೆ 6 ವೋಲ್ಟು ಧಾರಾಳ.

ತೋಟದ ಜೀಪು:

ಇಬ್ಬರಿಗೂ ಧನ್ಯವಾದ. ಗಾಡಿ ನಿಂತ ಕೂಡಲೇ ನೋಡಿದಾಗ ಸ್ಪಾರ್ಕು ನೀಲಿಯಾಗಿ, ದಪ್ಪವಾಗಿಯೇ ಇತ್ತು. ಕಾರ್ಬುರೇಟರಿನಲ್ಲಿ ಒಂದು ಹನಿಯೂ ಚಿಮ್ಮಲಿಲ್ಲ. ಪಂಪಿಗೆ ಮೊದಲು ತಾತ್ಕಾಲಿಕವಾಗಿ ಒಂದು ಪಾರದರ್ಶಕ ಫಿಲ್ಟರನ್ನು ಜೋಡಿಸಿದ್ದೆ, ಅದರ ತುಂಬ ಗುಳ್ಳೆಗಳಿದ್ದವು. ಮುಚ್ಚಳದಲ್ಲಿ ಸದ್ದಿಲ್ಲ. ಒದ್ದೆ ಬಟ್ಟೆ ಸುತ್ತಿದ ಮೇಲೆ ಬೇಗನೆ ಹೊರಟಿತು. ಆದರೆ ಒಂದು ಸಂದೇಹ: ನೀರು ಕುದಿಯದಿರುವಾಗ ಪೆಟ್ರೋಲು ಮಾತ್ರ ಏಕೆ ಕುದಿಯಬೇಕು? ಅಜ್ಜನವರು ಇದೇ ಗಾಡಿಯಲ್ಲಿ ಇದೇ ಘಾಟಿಯನ್ನು ಮೆಣಸಿನ ಮೂಟೆ ಹೇರಿಕೊಂಡು ಹತ್ತುತ್ತಿದ್ದರಂತೆ.

ಹಳೇ ಪಾನಾ:

ಅಜ್ಜನವರು ಹಾಕಿಸುತ್ತಿದ್ದ ಪೆಟ್ರೋಲೇ ಬೇರೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಉದ್ಘಾಟನೆಗೊಂಡ, ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ಈಗ ಬಂಕುಗಳಲ್ಲಿ ಸಾಮಾನ್ಯವಾಗಿದೆ. ಎಥನಾಲ್ 78 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಪೆಟ್ರೋಲಿನೊಡನೆ ಬೆರೆತಾಗ ಮಿಶ್ರಣದ ದೊಡ್ಡದೊಂದು ಪಾಲು ಅದಕ್ಕಿಂತಲೂ ಕೆಳಗೇ ಆವಿಯಾಗುತ್ತದೆ. ನಿಮ್ಮ ಮೀಟರಿನ 180 ಫ್ಯಾರನ್‌ಹೀಟ್ ಎಂದರೆ 82 ಸೆಲ್ಸಿಯಸ್. ನೀರು ಕುದಿಯಲು ಇನ್ನೂ ಬಹಳ ದೂರವಿದೆ, ಪೆಟ್ರೋಲಿಗಿಲ್ಲ.

ಇದರ ಜೊತೆಗೆ ಜೀಪಿನ ರಚನೆಯನ್ನೂ ಗಮನಿಸಿ. ಟ್ಯಾಂಕು ಇರುವುದು ಚಾಲಕನ ಸೀಟಿನ ಕೆಳಗೆ, ಪಂಪು ಇರುವುದು ಎಂಜಿನ್ನಿನ ಮುಂಭಾಗದಲ್ಲಿ. ಪಂಪು ಪೆಟ್ರೋಲನ್ನು ಅಷ್ಟು ದೂರದಿಂದ ಹೀರಿಕೊಳ್ಳಬೇಕು. ಹೀರುವಾಗ ಪೈಪಿನೊಳಗಿನ ಒತ್ತಡ ಇಳಿಯುತ್ತದೆ, ಒತ್ತಡ ಇಳಿದಂತೆ ಕುದಿಯುವ ಬಿಂದುವೂ ಇಳಿಯುತ್ತದೆ. ಏರಿನಲ್ಲಿ ಮೂತಿ ಮೇಲಾದಾಗ ಹಿಂದಿರುವ ಟ್ಯಾಂಕು ಪಂಪಿಗಿಂತ ಇನ್ನಷ್ಟು ಕೆಳಗಾಗುವುದರಿಂದ, ಎಂಜಿನ್ನಿಗೆ ಪೆಟ್ರೋಲು ಹೆಚ್ಚು ಬೇಕಾದಾಗಲೇ ಹೀರುವ ಕೆಲಸವೂ ಕಠಿಣವಾಗುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡು ಪಂಪು ಇರುವ ಬದಿಯಲ್ಲಿಯೇ ಇದೆ ಎಂಬುದನ್ನೂ ಸೇರಿಸಿಕೊಳ್ಳಿ. ಸಮತಟ್ಟಿನಲ್ಲಿ ತೊಂದರೆ ಕಾಣದಿರುವುದಕ್ಕೆ ಇದೇ ಕಾರಣ.

ಈಗ ನೋಡಬೇಕಾದದ್ದು ಮುಖ್ಯವಾಗಿ ಎರಡು. ಮೊದಲನೆಯದು, ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿರುವ ಶಾಖ ನಿಯಂತ್ರಣದ ಕವಾಟ. ಎಂಜಿನ್ ತಣ್ಣಗಿದ್ದಾಗ ಇದು ಬಿಸಿ ಹೊಗೆಯನ್ನು ಕಾರ್ಬುರೇಟರಿನ ಬುಡಕ್ಕೆ ತಿರುಗಿಸುತ್ತದೆ. ಬಿಸಿಯಾದ ಮೇಲೆ ಸುರುಳಿ ಸ್ಪ್ರಿಂಗು ಸಡಿಲಗೊಂಡು ಹೊಗೆ ನೇರವಾಗಿ ಸೈಲೆನ್ಸರಿಗೆ ಹೋಗಬೇಕು. ಹೊರಗೆ ಕಾಣುವ ಭಾರದ ತುಂಡನ್ನು ಬೆರಳಿನಿಂದ ತಳ್ಳಿದರೆ ಸಲೀಸಾಗಿ ತಿರುಗಿ ಮರಳಬೇಕು. ಯುರೋಪಿನ ಚಳಿಗೆ ಅಗತ್ಯವಾಗಿದ್ದ ಈ ಏರ್ಪಾಡು ತುಕ್ಕುಹಿಡಿದು ‘ಬಿಸಿ’ಯ ಕಡೆಗೇ ಕಚ್ಚಿಕೊಂಡರೆ, ಕಾರ್ಬುರೇಟರನ್ನು ಒಲೆಯ ಮೇಲಿಟ್ಟಂತೆಯೇ ಸರಿ.

ಎರಡನೆಯದು ಪೈಪಿನ ಹಾದಿ. ಚಾಸಿಯಿಂದ ಪಂಪಿಗೆ ಬರುವ ಮೆದು ಹೋಸು ಎಥನಾಲಿಗೆ ಹಿಗ್ಗಿ ಬಿರುಕು ಬಿಟ್ಟಿದ್ದರೆ ಹೊರಗೆ ಸೋರದೆಯೇ ಒಳಕ್ಕೆ ಗಾಳಿ ಎಳೆಯುತ್ತದೆ. ‘ಆರ್9’ ಎಂದು ಮುದ್ರಿಸಿರುವ ಹೋಸನ್ನೇ ಹಾಕಿರಿ, ಪಂಪಿನ ಡಯಾಫ್ರಾಮನ್ನೂ ಎಥನಾಲ್ ತಾಳುವಂಥದ್ದಕ್ಕೆ ಬದಲಿಸಿರಿ. ಆಕ್ಟೇನ್ (ಒತ್ತಡಕ್ಕೆ ತಾನೇ ಹೊತ್ತಿಕೊಳ್ಳದೆ ತಾಳುವ ಗುಣ) ಹೆಚ್ಚಿದೆಯೆಂದು ಹೆಚ್ಚು ಬೆಲೆಯ ಪ್ರೀಮಿಯಂ ಪೆಟ್ರೋಲು ಹಾಕಿಸುವುದರಿಂದ ಪ್ರಯೋಜನವಿಲ್ಲ. ಈ ಎಂಜಿನ್ನಿನ ಕಂಪ್ರೆಷನ್ ಅನುಪಾತ 6.48 ಮಾತ್ರ, ಆಕ್ಟೇನ್ ಎಷ್ಟಿದ್ದರೂ ಇದಕ್ಕೆ ಗೊತ್ತಾಗುವುದಿಲ್ಲ. ಎಲ್ಲ ಮಾಡಿಯೂ ಈ ತೊಂದರೆ ತಪ್ಪದಿದ್ದರೆ ಮಾತ್ರ ಕಡಿಮೆ ಒತ್ತಡದ 6 ವೋಲ್ಟಿನ ಪಂಪೊಂದನ್ನು ಟ್ಯಾಂಕಿನ ಹತ್ತಿರ, ಚಾಸಿಗೆ ತೂತು ಕೊರೆಯದೆ, ಮುಂದೆ ಬಿಚ್ಚಬಹುದಾದಂತೆ ಕೂರಿಸಿರಿ. ತಳ್ಳಿಕೊಟ್ಟ ಪೆಟ್ರೋಲು ಹೀರಿದ್ದರಷ್ಟು ಬೇಗ ಕುದಿಯುವುದಿಲ್ಲ.

ತೋಟದ ಜೀಪು:

ಕವಾಟ ಪೂರ್ತಿ ಕಚ್ಚಿಕೊಂಡಿತ್ತು, ಅದೂ ‘ಬಿಸಿ’ಯ ಕಡೆಗೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟು, ಹಿತ್ತಾಳೆಯ ತುಂಡಿನಿಂದ ದಂಡದ ಎರಡೂ ತುದಿಗೆ ಮೆಲ್ಲಗೆ ತಟ್ಟುತ್ತ ಹೋದ ಮೇಲೆ ಸಡಿಲವಾಯಿತು. ಎಂಜಿನ್ ಕೂರಿಸಿದವರು ಪಂಪಿನಿಂದ ಕಾರ್ಬುರೇಟರಿಗೆ ಹೋಗುವ ಪೈಪನ್ನು ಮ್ಯಾನಿಫೋಲ್ಡಿಗೆ ತಾಗುವಷ್ಟು ಹತ್ತಿರ ಬಗ್ಗಿಸಿದ್ದರು, ಅದನ್ನೂ ದೂರಕ್ಕೆ ಸರಿಸಿ, ಹೋಸು ಮತ್ತು ಡಯಾಫ್ರಾಮು ಬದಲಿಸಿದೆ. ಮಧ್ಯಾಹ್ನದ ಬಿಸಿಲಿನಲ್ಲಿ ನಾಲ್ಕು ಜನ ಕುಳಿತು ಎಲ್ಲಿಯೂ ನಿಲ್ಲದೆ ಘಾಟಿಯ ಮೇಲಿನ ಕೊಟ್ಟಿಗೆಹಾರ ಮುಟ್ಟಿದೆವು. ಅಲ್ಲಿ ನೀರುದೋಸೆ ತಿಂದು ಬಂದು ಸ್ಟಾರ್ಟ್ ಮಾಡಿದಾಗ ಮಾತ್ರ ಸ್ವಲ್ಪ ಸತಾಯಿಸಿ, ಕಪ್ಪು ಹೊಗೆ ಬಿಟ್ಟು ಹೊರಟಿತು. ಇದಕ್ಕೇನಾದರೂ ಮಾಡಬೇಕೇ?

ಹಳೇ ಪಾನಾ:

ಕಪ್ಪು ಹೊಗೆ ಬಂದಿದೆಯೆಂದರೆ ಈ ಸಲ ಪೆಟ್ರೋಲು ಕಡಿಮೆಯಾದದ್ದಲ್ಲ, ಹೆಚ್ಚಾದದ್ದು. ಬಿಸಿ ಎಂಜಿನ್ನನ್ನು ನಿಲ್ಲಿಸಿದ ಮೇಲೆ ಕಾರ್ಬುರೇಟರಿನ ಬಟ್ಟಲು ಕಾದು ಪೆಟ್ರೋಲು ಒಳಗೆ ಉಕ್ಕಿರುತ್ತದೆ. ಬಟ್ಟಲಿನೊಳಗೆ ತೇಲುತ್ತ ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟಿನ ಮಟ್ಟವನ್ನು ಪರೀಕ್ಷಿಸಿರಿ, ಕಾರ್ಟರ್ ಡಬ್ಲ್ಯುಓಗೆ ಅದು 3/8 ಇಂಚು. ಅದು ಸರಿಯಿದ್ದರೆ ಕಾರ್ಬುರೇಟರಿನ ಬುಡಕ್ಕೆ ಶಾಖ ತಡೆಯುವ ದಪ್ಪನೆಯ ಬೇಕಲೈಟ್ ಪಟ್ಟಿಯೊಂದನ್ನು ಕೊಡಬಹುದು, ಹೊರಗಿನಿಂದ ಕಾಣುವುದೂ ಇಲ್ಲ. ಅಲ್ಲಿಯವರೆಗೆ ಬಿಸಿಯಿರುವಾಗ ಚೋಕ್ ಮುಟ್ಟದೆ, ಆಕ್ಸಿಲರೇಟರನ್ನು ಪದೇ ಪದೇ ತುಳಿಯದೆ, ಒಮ್ಮೆ ಪೂರ್ತಿ ಒತ್ತಿ ಹಿಡಿದುಕೊಂಡೇ ಸ್ಟಾರ್ಟರ್ ತುಳಿಯಿರಿ.