ಮಳೆ ಬಂದರೆ ಗ್ಲೂಕೋಸ್ ಸೆನ್ಸರ್ ಬೋರ್ಡಿನ ಔಟ್‌ಪುಟ್ 30 ಮಿಲಿವೋಲ್ಟ್ ಏರುತ್ತದೆ

ಪ್ರಶ್ನೆ (ಸುರತ್ಕಲ್):
ಚರ್ಮದಡಿ ಇಡುವ ಗ್ಲೂಕೋಸ್ ಸೆನ್ಸರಿನ ಮಾದರಿ ಬೋರ್ಡ್ ಇದು. 3 ವೋಲ್ಟ್ ಬಟನ್ ಸೆಲ್, ಟಿಎಲ್‌ವಿ8802 ಆಪ್‌ಆಂಪ್ (ಸಣ್ಣ ಸಿಗ್ನಲನ್ನು ದೊಡ್ಡದು ಮಾಡುವ ಚಿಪ್; ಎರಡು ಭಾಗದಲ್ಲಿ ಒಂದು ಖಾಲಿ ಉಂಟು), ಔಟ್‌ಪುಟ್‌ನಿಂದ ಇನ್‌ಪುಟ್ಟಿಗೆ 10 ಮೆಗಾಓಮ್ ಫೀಡ್‌ಬ್ಯಾಕ್ ರೆಸಿಸ್ಟರ್. ಎರಡು 10 ಮೆಗಾಓಮ್ ರೆಸಿಸ್ಟರಿನಿಂದ 1.5 ವೋಲ್ಟ್ ರೆಫರೆನ್ಸ್ (ಆಪ್‌ಆಂಪ್ ತನ್ನ ಇನ್‌ಪುಟ್ಟನ್ನು ಹಿಡಿದಿಡುವ ವೋಲ್ಟೇಜ್). ಎಲೆಕ್ಟ್ರೋಡ್ ಬದಲು 50 ಮೆಗಾಓಮ್ ಹಾಕಿ, ಅದರ ಇನ್ನೊಂದು ತುದಿಯನ್ನು 1 ವೋಲ್ಟಿಗೆ ಕೊಟ್ಟಿದ್ದೇನೆ. 10 ನ್ಯಾನೋಆಂಪಿಯರ್ ಲೆಕ್ಕಕ್ಕೆ ಔಟ್‌ಪುಟ್ 1.60 ಬರಬೇಕು. ಎಸಿ ಕೋಣೆಯಲ್ಲಿ ಬರ್ತದೆ, ಮಳೆಗೆ ಕಿಟಕಿ ತೆರೆದರೆ 1.63. ಆಪ್‌ಆಂಪ್ ಬದಲಾಯಿಸಿದರೂ ಅಷ್ಟೇ. ರೆಫರೆನ್ಸಿಗೆ ಮೀಟರ್ ಇಟ್ಟರೆ 1.0 ಮಾತ್ರ ತೋರಿಸ್ತದೆ. ಎಂತ ತಪ್ಪಿದೆ?

ಉತ್ತರ (ಮಣಿಪಾಲ):
ಆ 1.0 ಮೀಟರಿನದ್ದೇ ಕೆಲಸ. ಮೀಟರಿನ ಒಳಗೆ 10 ಮೆಗಾಓಮ್ ಉಂಟು, ಕೆಳಗಿನ ರೆಸಿಸ್ಟರಿಗೆ ಅದು ಸೇರಿ 5 ಆಗ್ತದೆ. ಅಲ್ಲಿ ಮೀಟರ್ ಇಡಬೇಡಿ.

ಹೆಚ್ಚಾದ 30 ಮಿಲಿವೋಲ್ಟ್ ಅಂದರೆ 10 ಮೆಗಾಓಮ್ ಫೀಡ್‌ಬ್ಯಾಕಿನಲ್ಲಿ 3 ನ್ಯಾನೋಆಂಪಿಯರ್. ಔಟ್‌ಪುಟ್ ಮೇಲೆ ಹೋಗಿದೆ, ಹಾಗಾಗಿ ಇನ್‌ಪುಟ್ಟಿನಿಂದ ಕರೆಂಟ್ ಸೋರಿಕೆ ಗ್ರೌಂಡಿನ ಕಡೆಗೆ. ಪಾಸಿಟಿವ್ ಲೈನಿನಿಂದ ಆಗಿದ್ದರೆ ಕೆಳಗೆ ಇಳಿಯುತ್ತಿತ್ತು. 1.5 ವೋಲ್ಟಿಗೆ 3 ನ್ಯಾನೋ ಅಂದರೆ 500 ಮೆಗಾಓಮ್. ಫ್ಲಕ್ಸ್ (ಬೆಸುಗೆಗೆ ಹಚ್ಚುವ ಪದಾರ್ಥ) ಉಳಿದ ಬೋರ್ಡ್ ನಮ್ಮ ಕರಾವಳಿಯ ಮಳೆಗಾಲದಲ್ಲಿ ಅಷ್ಟಕ್ಕೆ ಸುಲಭದಲ್ಲಿ ಇಳೀತದೆ. ಇನ್‌ಪುಟ್ ಪಿನ್ನಿನ ಸುತ್ತ ಗ್ರೌಂಡ್ ತಾಮ್ರ ಉಂಟಾ ನೋಡಿ.

ಖಾತ್ರಿಗೆ 50 ಮೆಗಾಓಮಿನ ಒಂದು ಕಾಲು ಎತ್ತಿ. ಔಟ್‌ಪುಟ್ 1.50ಕ್ಕೆ ಬರಬೇಕು. 1.53ರಲ್ಲೇ ನಿಂತರೆ, ಬೋರ್ಡಿನ ಹತ್ತಿರ ಬಾಯಿ ತಂದು "ಹಾ" ಅಂತ ಉಸಿರು ಬಿಡಿ. ಅಂಕೆ ಜಿಗಿದು ನಿಧಾನ ಇಳಿದರೆ ಸೋರಿಕೆ ಮೇಲ್ಮೈಯದ್ದೇ.

ಸೆಲ್ ತೆಗೆದು, 99 ಶೇಕಡ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಬ್ರಷ್ ಹಾಕಿ ಚಿಪ್ಪಿನ ಅಡಿಯೂ ತೊಳೆಯಿರಿ. ಬಟ್ಟೆಯಲ್ಲಿ ಒರೆಸಿದರೆ ಫ್ಲಕ್ಸ್ ತೆಳುವಾಗಿ ಹರಡ್ತದೆ ಅಷ್ಟೇ. ಆಮೇಲೆ ಡಿಅಯೊನೈಸ್ಡ್ (ಲವಣ ತೆಗೆದ) ನೀರು, 80 ಡಿಗ್ರಿಯಲ್ಲಿ 2 ಗಂಟೆ ಒಣಗಿಸುವುದು. ಮತ್ತೆ ಬೆರಳು ತಾಗಿಸಬೇಡಿ.

ಪ್ರಶ್ನೆ (ಸುರತ್ಕಲ್):
ಕಾಲು ಎತ್ತಿದರೂ 1.53 ಇತ್ತು. ತೊಳೆದ ಮೇಲೆ 1.504, ಮಳೆಯಲ್ಲೂ. ಉಳಿದ 4 ಮಿಲಿವೋಲ್ಟ್?

ಉತ್ತರ (ಮಣಿಪಾಲ):
ಆಪ್‌ಆಂಪಿನ ಆಫ್‌ಸೆಟ್ (ಚಿಪ್ಪಿನದ್ದೇ ಸಣ್ಣ ವೋಲ್ಟೇಜ್ ತಪ್ಪು) ಇರಬಹುದು. ಎಸಿ ಕೋಣೆಯಲ್ಲಿ ಅಳೆಯಿರಿ; ಬದಲಾಗದ ಭಾಗವನ್ನು ಕಳೆಯಬಹುದು, ಬದಲಾಗುವುದಕ್ಕೆ ಗಾರ್ಡ್ ರಿಂಗ್ ಬೇಕು. ಮುಂದಿನ ಬೋರ್ಡಿನಲ್ಲಿ ಇನ್‌ಪುಟ್ ಸುತ್ತ, ಎರಡೂ ಬದಿ, ಹಸಿರು ಮಾಸ್ಕ್ ಇಲ್ಲದ ತಾಮ್ರದ ರಿಂಗ್ ಹಾಕಿ. ಅದನ್ನು ಗ್ರೌಂಡಿಗಲ್ಲ, 1.5 ವೋಲ್ಟಿಗೆ ಕೊಡಿ; ಇನ್‌ಪುಟ್ಟಿನದ್ದೂ ಅದೇ ವೋಲ್ಟೇಜ್, ಹಾಗಾಗಿ ನಡುವೆ ಕರೆಂಟ್ ಸೋರುವುದಿಲ್ಲ. ಆ ಎರಡು 10 ಮೆಗಾಓಮಿನ ಡಿವೈಡರಿನಿಂದ ನೇರ ಬೇಡ: ರಿಂಗಿನಿಂದ ಗ್ರೌಂಡಿಗೆ 500 ಮೆಗಾಓಮ್ ದಾರಿಯಲ್ಲಿ ಸೋರಿದರೂ ರೆಫರೆನ್ಸೇ 15 ಮಿಲಿವೋಲ್ಟ್ ಕುಸೀತದೆ. ಆಪ್‌ಆಂಪಿನಲ್ಲಿ ಖಾಲಿ ಇರುವ ಭಾಗವನ್ನು ಬಫರ್ (ಅದೇ ವೋಲ್ಟೇಜನ್ನು ಕುಸಿಯದೆ ಮುಂದೆ ಕೊಡುವುದು) ಮಾಡಿ.

ಉತ್ತರ (ಮಂಗಳೂರು):
ಬೋರ್ಡಿನ ರಕ್ಷಣೆಗೆ ಮೇಲೆ ಸಿಲಿಕೋನ್ ಸುರಿದರೆ ತೊಳೆಯುವುದು ಬೇಡ ಅಂತ ಎಣಿಸಬೇಡಿ. ನೀರಿನ ಆವಿ ಸಿಲಿಕೋನ್ ದಾಟಿ ಹೋಗ್ತದೆ. ಅಡಿಯಲ್ಲಿ ಫ್ಲಕ್ಸಿನ ಉಪ್ಪು ಸಿಕ್ಕಿದ ಕಡೆ ಹನಿಗಟ್ಟಿ ಪದರವನ್ನು ಎಬ್ಬಿಸ್ತದೆ. ದೇಹದೊಳಗೆ 37 ಡಿಗ್ರಿ, ಯಾವತ್ತೂ ಒದ್ದೆ. ಒಣಗಿಸಿದ ಬೋರ್ಡ್ ಬಿಸಿ ಆರಿದ ಕೂಡಲೇ ಕೋಟಿಂಗ್ ಆಗಬೇಕು, ರಾತ್ರಿಯಿಡೀ ಮೇಜಿನ ಮೇಲೆ ಬಿಡಬೇಡಿ.