ಇಂಧನ ಲೈನ್‌ನಲ್ಲಿ ಎಲ್ಲೂ ಸೋರಿಕೆ ಇಲ್ಲ, ಆದರೂ ಪ್ರೆಶರ್ ಅಲ್ಲಾಡುತ್ತಿದೆ

ಕೆಳರೆಕ್ಕೆ:
ಕಿಟ್‌ನಿಂದ ಕಟ್ಟಿದ ಎರಡು ಸೀಟಿನ, ಕೆಳರೆಕ್ಕೆಯ ವಿಮಾನ. ಎಂಜಿನ್ ರೋಟ್ಯಾಕ್ಸ್ 912 ಯುಎಲ್‌ಎಸ್, ಇಂಧನ ಎಥನಾಲ್ ಬೆರೆತ ಪೆಟ್ರೋಲ್. ಟ್ಯಾಂಕ್‌ನಿಂದ ಫೈರ್‌ವಾಲ್‌ವರೆಗೂ (ಎಂಜಿನ್ ಕೋಣೆಯ ಹಿಂದಿನ ಬೆಂಕಿತಡೆ ಗೋಡೆ) ಪೂರ್ತಿ ರಬ್ಬರ್ ಹೋಸ್. ಎಲೆಕ್ಟ್ರಿಕ್ ಪಂಪ್ ಟ್ಯಾಂಕ್ ಪಕ್ಕದಲ್ಲಿದೆ. ಬಿಸಿ ಎಂಜಿನ್ ನಿಲ್ಲಿಸಿ ಕಾಲು ಗಂಟೆ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿದರೆ ಪ್ರೆಶರ್ 0.15 ಬಾರ್ ಆಸುಪಾಸಿನಲ್ಲಿ ಕುಣಿಯುತ್ತದೆ. ಎಲೆಕ್ಟ್ರಿಕ್ ಪಂಪ್ ಹಾಕಿದ ತಕ್ಷಣ ಸರಿಹೋಗುತ್ತದೆ. ಜಾಯಿಂಟ್‌ಗಳೆಲ್ಲ ಒಣಗಿವೆ, ಪೆಟ್ರೋಲ್ ವಾಸನೆಯೂ ಇಲ್ಲ. ಹೇಗಿದ್ದರೂ ಹೋಸ್‌ಗಳಿಗೆ 5 ವರ್ಷ ತುಂಬುತ್ತಿದೆ. ಪೂರ್ತಿ ಅಲ್ಯೂಮಿನಿಯಂ ಟ್ಯೂಬ್‌ಗೆ ಬದಲಿಸುವುದು ಒಳ್ಳೆಯದೇ? ಹಾಗೆ ಮಾಡುವಾಗ ಎಲ್ಲಿ ಎಡವುತ್ತಾರೆ?

ಫ್ಲೇರ್37:
ಮೊದಲು ರೋಗ ಗೊತ್ತಾಗಲಿ, ಪೈಪ್ ಬದಲಿಸುವ ಮಾತು ಆಮೇಲೆ.

ಕೆಳರೆಕ್ಕೆಯ ವಿಮಾನದಲ್ಲಿ ಎಂಜಿನ್ ಮೇಲಿನ ಮೆಕ್ಯಾನಿಕಲ್ ಪಂಪ್ ಇಂಧನವನ್ನು ಕೆಳಗಿನಿಂದ ಎಳೆದುಕೊಳ್ಳುತ್ತದೆ. ಹಾಗಾಗಿ ಪಂಪ್‌ಗಿಂತ ಹಿಂದಿನ ಲೈನ್‌ನಲ್ಲಿ ಒಂದು ಜಾಯಿಂಟ್ ಸಡಿಲವಿದ್ದರೆ ಪೆಟ್ರೋಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಜಾಯಿಂಟ್ ಒಣಗಿದೆ ಎಂಬ ಕಾರಣಕ್ಕೆ ಅದು ಸರಿಯಿದೆ ಎಂದುಕೊಳ್ಳಬೇಡಿ. ಸೋರಿ ನೆಲಕ್ಕೆ ತೊಟ್ಟಿಕ್ಕುವ ಲೈನ್ ಕಣ್ಣಿಗಾದರೂ ಬೀಳುತ್ತದೆ. ಗಾಳಿ ಎಳೆಯುವ ಲೈನ್ ಸುಳಿವೇ ಕೊಡದೆ ಟೇಕಾಫ್‌ನಲ್ಲಿ ಕೈಕೊಡುತ್ತದೆ.

ಬಿಸಿಯಾದಾಗ ಮಾತ್ರ ಹೀಗಾದರೆ ಅನುಮಾನ ವೇಪರ್ ಲಾಕ್ ಮೇಲೆ, ಅಂದರೆ ಇಂಧನ ಲೈನ್‌ನಲ್ಲೇ ಆವಿಯಾಗಿ ಹರಿವಿಗೆ ಅಡ್ಡಬರುವುದು. ತಣ್ಣಗಿದ್ದಾಗಲೂ ಪೂರ್ತಿ ಥ್ರಾಟಲ್‌ನಲ್ಲಿ ಪ್ರೆಶರ್ ಕುಸಿದರೆ ಗಾಳಿ ಸೇರುತ್ತಿರಬೇಕು, ಇಲ್ಲವೇ ಎಲ್ಲೋ ಕಟ್ಟಿಕೊಂಡಿರಬೇಕು. ಟ್ಯಾಂಕ್ ಮುಚ್ಚಳ ತೆರೆದೊಡನೆ ಪ್ರೆಶರ್ ಏರಿದರೆ ವೆಂಟ್ (ಟ್ಯಾಂಕ್‌ಗೆ ಗಾಳಿ ಬಿಡುವ ರಂಧ್ರ) ಮುಚ್ಚಿಹೋಗಿದೆ. ಕಣಜ ಮಣ್ಣಿನ ಗೂಡು ಕಟ್ಟಲು ಆ ರಂಧ್ರ ಸಾಕು.

ಗಾಳಿ ಸೋರಿಕೆ ಹುಡುಕಲು ಲೈನ್ ಖಾಲಿ ಮಾಡಿ, ಟ್ಯಾಂಕ್ ಕಡೆಯಿಂದಲೂ ಕಾರ್ಬ್ಯುರೇಟರ್ ಕಡೆಯಿಂದಲೂ ಬಿಚ್ಚಿ. ಒಂದು ತುದಿಗೆ ಪ್ಲಗ್ ಹಾಕಿ, ಇನ್ನೊಂದರಿಂದ ಕೈಪಂಪಿನಲ್ಲಿ 0.3 ಬಾರ್ ಗಾಳಿ ತುಂಬಿ 15 ನಿಮಿಷ ಗೇಜ್ ನೋಡಿ. ಮುಳ್ಳು ಇಳಿದರೆ ಪ್ರತಿ ಜಾಯಿಂಟ್‌ಗೂ ಸೋಪ್ ನೀರು ಹಚ್ಚಿ. ಟ್ಯಾಂಕ್ ಅನ್ನು ಈ ಪರೀಕ್ಷೆಗೆ ಸೇರಿಸಲೇಬೇಡಿ, ಆ ಒತ್ತಡಕ್ಕೆ ಹೊಲಿಗೆ ಬಿಟ್ಟುಕೊಳ್ಳುತ್ತದೆ.

ರಿವೆಟ್‌ಸಾಲು:
ಅಲ್ಯೂಮಿನಿಯಂ ಒಳ್ಳೆಯ ಆಯ್ಕೆಯೇ, ಆದರೆ ಫೈರ್‌ವಾಲ್‌ವರೆಗೆ ಮಾತ್ರ. ಅಲ್ಲಿಂದ ಎಂಜಿನ್‌ಗೆ ಬಾಗುವ ಹೋಸ್ ಬೇಕೇ ಬೇಕು. ಎಂಜಿನ್ ಅದರ ಮೌಂಟ್ ಮೇಲೆ ಅಲುಗುತ್ತಿರುತ್ತದೆ, ಬಿಗಿ ಟ್ಯೂಬ್ ಫ್ಲೇರ್‌ನ, ಅಂದರೆ ಕಹಳೆಯ ಬಾಯಿಯಂತೆ ಅಗಲಿಸಿದ ತುದಿಯ, ಬುಡದಲ್ಲೇ ಬಿರಿಯುತ್ತದೆ. ತಾಮ್ರದ ಟ್ಯೂಬ್ ಅಂತೂ ಬೇಡ, ಕಂಪನಕ್ಕೆ ಗಡುಸಾಗಿ ಸೀಳುತ್ತದೆ.

ಟ್ಯೂಬ್ 5052-ಒ ಎಂಬ ಮೆದು ಅಲ್ಯೂಮಿನಿಯಂ ಮಿಶ್ರಲೋಹದ್ದು, 3/8 ಇಂಚು, ಗೋಡೆ ದಪ್ಪ 0.035 ಇಂಚು. ಎಎನ್ (ವಿಮಾನಗಳ ಪ್ರಮಾಣಿತ) ಫಿಟ್ಟಿಂಗ್‌ಗೆ ಫ್ಲೇರ್ ಕೋನ 37 ಡಿಗ್ರಿ. ಕಾರಿನ ಫ್ಲೇರಿಂಗ್ ಟೂಲ್ 45 ಡಿಗ್ರಿಯದು. ಅದರಲ್ಲಿ ಮಾಡಿದ ಫ್ಲೇರ್ ಕೂತಂತೆ ಕಾಣುತ್ತದೆ, ನಿಜಕ್ಕೂ ತೆಳ್ಳನೆಯ ಒಂದು ಗೆರೆಯಲ್ಲಷ್ಟೇ ತಾಗಿರುತ್ತದೆ. ಮೊದಲ ದಿನ ಸೋರುವುದಿಲ್ಲ, ಕಂಪನಕ್ಕೆ ಸಿಕ್ಕ ಮೇಲೆ ಶುರುವಾಗುತ್ತದೆ.

ಕ್ರಮ ಹೀಗೆ: ಟ್ಯೂಬ್ ಕಟರ್‌ನಲ್ಲಿ ನೇರವಾಗಿ ಕತ್ತರಿಸಿ, ಒಳಗಿನ ಹೊರಗಿನ ಬರ್ (ಕತ್ತರಿಸಿದಾಗ ಏಳುವ ಚೂಪು ಅಂಚು) ತೆಗೆದು, ತುದಿಯನ್ನು ನಯವಾಗಿ ಉಜ್ಜಿ. ನಟ್ ಮತ್ತು ಸ್ಲೀವ್, ಅಂದರೆ ಎಎನ್818 ಮತ್ತು ಎಎನ್819, ಎರಡನ್ನೂ ಫ್ಲೇರ್ ಮಾಡುವ ಮೊದಲೇ ತೂರಿಸಿಕೊಳ್ಳಿ. ಫ್ಲೇರ್ ಆದ ಮೇಲೆ ಭೂತಗನ್ನಡಿ ಹಿಡಿದು ಅಂಚು ನೋಡಿ. ಕೂದಲೆಳೆಯಷ್ಟು ಬಿರುಕು ಕಂಡರೂ ಕತ್ತರಿಸಿ ಮತ್ತೆ ಮಾಡಿ. ನಟ್ ಬಿಗಿಯುವ ಟಾರ್ಕ್ 75ರಿಂದ 125 ಇಂಚು-ಪೌಂಡ್. ಸೋರಿದರೆ ಇನ್ನಷ್ಟು ಬಿಗಿಯಬೇಡಿ, ಫ್ಲೇರ್ ತೆಳುವಾಗಿ ಕೊನೆಗೆ ಕಡಿದುಹೋಗುತ್ತದೆ. ಬಿಚ್ಚಿ ನೋಡಿದರೆ ಕಾರಣ ಸಿಗುತ್ತದೆ: ಗೀರು, ಕಸ, ಅಥವಾ ಓರೆಯಾಗಿ ಕೂತ ಟ್ಯೂಬ್. ನಟ್ ಎಳೆದು ಟ್ಯೂಬ್ ಅನ್ನು ಜಾಗಕ್ಕೆ ತರುವಂತಿರಬಾರದು. ಕೈಬಿಟ್ಟರೂ ಟ್ಯೂಬ್ ಫಿಟ್ಟಿಂಗ್ ಎದುರು ನೇರವಾಗಿ ನಿಲ್ಲಬೇಕು.

ಬಾಗಿಸಲು ಬೆಂಡರ್ ಬಳಸಿ. ಬಾಗಿದಲ್ಲಿ ಚಪ್ಪಟೆಯಾಗಿ ವ್ಯಾಸ ಮೂಲದ 75 ಶೇಕಡಾಕ್ಕಿಂತ ಇಳಿದರೆ ಆ ತುಂಡು ಬಿಸಾಡಿ. ರಬ್ಬರ್ ಮೆತ್ತೆಯಿರುವ ಕ್ಲಾಂಪ್‌ಗಳ ನಡುವೆ ಗರಿಷ್ಠ ಹದಿನಾರೂವರೆ ಇಂಚು. ವಿದ್ಯುತ್ ವೈರ್‌ಗಳು ಇಂಧನ ಲೈನ್‌ಗಿಂತ ಮೇಲಿರಲಿ, ಸಾಧ್ಯವಾದಷ್ಟೂ 6 ಇಂಚು ದೂರದಲ್ಲಿ.

ಕೆಳರೆಕ್ಕೆ:
ತುಂಬ ಉಪಕಾರವಾಯಿತು. ತಣ್ಣಗಿದ್ದಾಗ ಪೂರ್ತಿ ಥ್ರಾಟಲ್‌ನಲ್ಲಿ ಪ್ರೆಶರ್ ಸ್ಥಿರವಾಗಿಯೇ ಇದೆ. ಹಾಗಾದರೆ ವೇಪರ್ ಲಾಕ್ ಇರಬೇಕು. ಇನ್ನೊಂದು ಪ್ರಶ್ನೆ: ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಬಹುದೇ?

ಫ್ಲೇರ್37:
ಬೇಡವೇ ಬೇಡ. ಬಿಗಿಯುವಾಗ ಟೇಪ್‌ನ ಎಳೆ ತುಂಡಾಗಿ ಒಳಗೆ ಹೋಗುತ್ತದೆ. ಅಲ್ಲಿಂದ ಅದು ಸೇರುವುದು ಕಾರ್ಬ್ಯುರೇಟರ್‌ನ ನೀಡಲ್ ವಾಲ್ವ್‌ಗೆ. ಫ್ಲೇರ್ ಜಾಯಿಂಟ್‌ನಲ್ಲಿ ಲೋಹಕ್ಕೆ ಲೋಹವೇ ಸೀಲ್, ಕೋನ್ ಮೇಲೆ ಏನೂ ಹಚ್ಚಬಾರದು. ತುದಿಯತ್ತ ಕಿರಿದಾಗುವ ಟೇಪರ್ ಪೈಪ್ ಥ್ರೆಡ್‌ಗೆ ಮಾತ್ರ ಇಂಧನ ತಡೆಯುವ, ಗಟ್ಟಿಯಾಗದ ಸೀಲೆಂಟ್ ತೆಳ್ಳಗೆ ಹಚ್ಚಿ, ತುದಿಯ ಎರಡು ಸುತ್ತು ಬರಿದಾಗಿಯೇ ಇರಲಿ.

ವೇಪರ್ ಲಾಕ್‌ಗೆ: ರಿಟರ್ನ್ ಲೈನ್ ನಿಜಕ್ಕೂ ಹರಿಯುತ್ತಿದೆಯೇ, ಅದರ ರಿಸ್ಟ್ರಿಕ್ಟರ್ (ಹರಿವನ್ನು ಮಿತಗೊಳಿಸುವ ಕಿರಿದಾದ ತೂತು) ಕಟ್ಟಿಕೊಂಡಿಲ್ಲವೇ ನೋಡಿ. ಆವಿಯ ಗುಳ್ಳೆಗಳನ್ನು ಟ್ಯಾಂಕ್‌ಗೆ ವಾಪಸ್ ಒಯ್ಯುವುದು ಅದೇ. ಎಕ್ಸಾಸ್ಟ್ ಹತ್ತಿರದ ಹೋಸ್ ಸರಿಸಿ, ನಡುವೆ ತಗಡಿನ ಶಾಖತಡೆ ಹಾಕಿ. ಗ್ಯಾಸ್ಕೊಲೇಟರ್ (ನೀರು, ಕಸ ತಡೆಯುವ ಇಂಧನ ಬಟ್ಟಲು) ಎಂಜಿನ್ ಕೋಣೆಯಲ್ಲಿದ್ದರೆ ಅದಕ್ಕೂ ತಂಪು ಗಾಳಿ ತಾಗಲಿ. ಬಿಸಿ ಎಂಜಿನ್ ಸ್ಟಾರ್ಟ್ ಮಾಡುವಾಗ, ಟೇಕಾಫ್‌ನಲ್ಲಿ ಎಲೆಕ್ಟ್ರಿಕ್ ಪಂಪ್ ಆನ್ ಇರಲಿ, ಆದರೆ ಇದೇ ಪರಿಹಾರವೆಂದು ಬಿಟ್ಟುಬಿಡಬೇಡಿ.

ಬಾರ್ಬ್:
ಎಂಜಿನ್ ಕಡೆಯ ಹೋಸ್ ಬದಲಿಸುವಾಗ ತುದಿಯ ಒಳಗೆ ಟಾರ್ಚ್ ಬಿಟ್ಟು ನೋಡಿ. ಬಾರ್ಬ್ (ಹೋಸ್ ತೂರಿಸುವ, ಏಣುಗಳಿರುವ ಮೂತಿ) ಮೇಲೆ ಒಣಗಿದ ಹೋಸ್ ಬಲವಂತವಾಗಿ ತಳ್ಳಿದರೆ ಬಾರ್ಬ್‌ನ ಚೂಪು ಅಂಚು ಒಳಪದರವನ್ನು ಹೆರೆದು ಉಗುರಿನಷ್ಟು ಸಿಪ್ಪೆ ಎಬ್ಬಿಸುತ್ತದೆ. ಅದು ಒಂದು ಕಡೆ ಅಂಟಿಕೊಂಡೇ ಇರುವುದರಿಂದ ಹರಿವು ಹೆಚ್ಚಿದಾಗ ಎದ್ದು ದಾರಿ ಮುಚ್ಚುತ್ತದೆ, ಎಂಜಿನ್ ನಿಂತಾಗ ಮಲಗಿಬಿಡುತ್ತದೆ. ನೆಲದ ಮೇಲೆ ಎಷ್ಟು ಹುಡುಕಿದರೂ ಸಿಗದ ತೊಂದರೆ ಇದು. ತುದಿಯನ್ನು ಚೂಪಾದ ಬ್ಲೇಡ್‌ನಲ್ಲಿ ಕತ್ತರಿಸಿ, ಒಂದು ಹನಿ ಎಂಜಿನ್ ಆಯಿಲ್ ಸವರಿ, ತಿರುಗಿಸುತ್ತ ಏರಿಸಿ.

ಎಥನಾಲ್‌ಗೆ ಎಸ್‌ಎಇ ಜೆ30 ಆರ್9 ದರ್ಜೆಯ ಹೋಸ್ ತನ್ನಿ. ಪಟ್ಟಿಯಲ್ಲಿ ತೂತುಗಳಿರುವ ವರ್ಮ್ ಕ್ಲಿಪ್ ಹೋಸ್ ಮೈಯನ್ನೇ ಕತ್ತರಿಸುತ್ತದೆ, ಫ್ಯುಯಲ್ ಇಂಜೆಕ್ಷನ್ ಕ್ಲಿಪ್ ಹಾಕಿ. ಹೋಸ್ ಒತ್ತಡಕ್ಕೆ ಗಿಡ್ಡವಾಗುತ್ತದೆ, ಉದ್ದದಲ್ಲಿ 5ರಿಂದ 8 ಶೇಕಡಾ ಸಡಿಲ ಬಿಡಿ. ಹೋಸ್ ಮೇಲಿನ ಬೆಂಕಿತಡೆ ಹೊದಿಕೆ, ಅಂದರೆ ಫೈರ್ ಸ್ಲೀವ್‌ನ ಕತ್ತರಿಸಿದ ತುದಿಗೆ ಸೀಲೆಂಟ್ ಹಚ್ಚದಿದ್ದರೆ ಅದು ಆಯಿಲ್ ಹೀರಿಕೊಳ್ಳುತ್ತದೆ, ಬೆಂಕಿ ತಡೆಯಬೇಕಾದದ್ದೇ ಉರಿಯುತ್ತದೆ.

ರಿವೆಟ್‌ಸಾಲು:
ಕೆಲಸ ಮುಗಿದ ಮೇಲೆ ಹರಿವಿನ ಪರೀಕ್ಷೆ ತಪ್ಪಿಸಬೇಡಿ. ಮನೆಯಲ್ಲಿ ಕಟ್ಟಿದ ವಿಮಾನಗಳ ಬಗ್ಗೆ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಎನ್‌ಟಿಎಸ್‌ಬಿ 2012ರಲ್ಲಿ ನಡೆಸಿದ ಅಧ್ಯಯನ, ಹಾರುವ ಮುಂಚೆ ಇಂಧನ ವ್ಯವಸ್ಥೆಯನ್ನು ಪರೀಕ್ಷಿಸಿ ದಾಖಲಿಸಬೇಕೆಂದೇ ಶಿಫಾರಸು ಮಾಡಿತ್ತು.

912 ಯುಎಲ್‌ಎಸ್ ಟೇಕಾಫ್‌ನಲ್ಲಿ ಗಂಟೆಗೆ ಸುಮಾರು 27 ಲೀಟರ್ ಕುಡಿಯುತ್ತದೆ. ಪಂಪ್ ವ್ಯವಸ್ಥೆಗೆ ಅದರ 125 ಶೇಕಡಾ ಬೇಕು, ಅಂದರೆ ಗಂಟೆಗೆ 33.75 ಲೀಟರ್. ಮೂಗನ್ನು ಕಡಿದಾದ ಏರಿಕೆಯ ಕೋನಕ್ಕೆ ಎತ್ತಿ ನಿಲ್ಲಿಸಿ, ಟ್ಯಾಂಕ್‌ನಲ್ಲಿ ಕನಿಷ್ಠ ಇಂಧನ ಇಟ್ಟು, ರಿಟರ್ನ್ ಲೈನ್ ತೆರೆದೇ ಇರುವಾಗ ಕಾರ್ಬ್ಯುರೇಟರ್ ಎದುರಿನ ಹೋಸ್‌ನಿಂದ ಅಳೆಯಿರಿ: 5 ಲೀಟರ್ 8 ನಿಮಿಷ 50 ಸೆಕೆಂಡ್‌ನೊಳಗೆ ಬರಬೇಕು. ತುದಿಯನ್ನು ಕಾರ್ಬ್ಯುರೇಟರ್ ಎತ್ತರದಲ್ಲೇ ಹಿಡಿಯಿರಿ, ಕೆಳಗೆ ಬಕೆಟ್‌ಗೆ ಇಳಿಬಿಟ್ಟರೆ ಲೆಕ್ಕ ಸುಳ್ಳಾಗುತ್ತದೆ. ಬಯಲಿನಲ್ಲಿ, ವಿಮಾನಕ್ಕೂ ಲೋಹದ ಡಬ್ಬಿಗೂ ಗ್ರೌಂಡ್ ವೈರ್ ಹಾಕಿ, ಅಗ್ನಿಶಾಮಕ ಪಕ್ಕದಲ್ಲಿಟ್ಟುಕೊಂಡು ಮಾಡಿ. ಆಮೇಲೆ ಫಿಲ್ಟರ್ ಬಿಚ್ಚಿ ನೋಡಿ, ಹೊಸ ಲೈನ್‌ನ ಬರ್ ಚೂರುಗಳು ಅಲ್ಲಿ ಬಂದು ಕೂತಿರುತ್ತವೆ.