ವೀಡಿಯೋ ಅಪ್‌ಲೋಡ್ ಅರ್ಧ ದಾರೀಲಿ ನಿಲ್ತಿದೆ, ಒತ್ತಿದ್ರೆ ಮತ್ತೆ ಸೊನ್ನೆಯಿಂದ ಶುರು, ಏನ್ ಮಾಡ್ಲಿ?

ನಿದ್ದೆಗೆಟ್ಟವಳು:
ಎರಡು ದಿನದಿಂದ ಇದೇ ಗೋಳು. ಅಕ್ಕನ ಮಗಳ ಡ್ಯಾನ್ಸ್ ವೀಡಿಯೋ, ಮೂರು ನಿಮಿಷದ್ದು ಅಷ್ಟೇ. ಅಪ್‌ಲೋಡ್ ಗೆರೆ ಚೆನ್ನಾಗೇ ಓಡುತ್ತೆ, 20 ಆಯ್ತು, 40 ಆಯ್ತು ಅಂತ ನಾನು ಫೋನ್ ಪಕ್ಕಕ್ಕಿಟ್ಟು ಬೇರೆ ಕೆಲಸ ನೋಡ್ಕೊಂಡು ಬರೋಷ್ಟರಲ್ಲಿ ‘ಮತ್ತೆ ಪ್ರಯತ್ನಿಸಿ’ ಅಂತ ಬಂದಿರುತ್ತೆ. ಒತ್ತಿದ್ರೆ ಮೊದಲಿಂದ. ಫೋಟೋ ಹೋಗುತ್ತೆ, ಸಿನಿಮಾ ಒಂದ್ಸಲಾನೂ ನಿಲ್ಲದೆ ಓಡುತ್ತೆ, ಅಂದ್ರೆ ನೆಟ್ ಸರಿಯಾಗೇ ಇದೆ ತಾನೆ? ಆ್ಯಪ್ ಅಪ್‌ಡೇಟ್ ಮಾಡ್ದೆ, ಫೋನ್ ಆಫ್ ಮಾಡಿ ಆನ್ ಮಾಡ್ದೆ. ಇನ್ನು ಉಳಿದಿರೋದು ಅನ್‌ಇನ್‌ಸ್ಟಾಲ್ ಮಾಡಿ ಹೊಸದಾಗಿ ಹಾಕ್ಕೊಳ್ಳೋದು ಒಂದೇ.

ಹಳೇಫೋನು:
ನಿಲ್ಲಿ ನಿಲ್ಲಿ, ಅನ್‌ಇನ್‌ಸ್ಟಾಲ್ ಮಾತ್ರ ಮಾಡ್ಬೇಡಿ! ಡ್ರಾಫ್ಟಲ್ಲಿ ಏನಾದ್ರೂ ಇದೆಯಾ ನೋಡ್ಕೊಳ್ಳಿ ಮೊದ್ಲು. ಇಂಥ ಆ್ಯಪ್‌ಗಳಲ್ಲಿ ಡ್ರಾಫ್ಟ್ ಸಾಮಾನ್ಯವಾಗಿ ನಿಮ್ಮ ಫೋನಲ್ಲೇ ಕೂತಿರುತ್ತೆ, ಅಕೌಂಟಲ್ಲಿ ಅಲ್ಲ. ನಾನು ಯಾರೋ ಹೇಳಿದ್ರು ಅಂತ ಸೆಟ್ಟಿಂಗ್ಸಿಗೆ ಹೋಗಿ ಕ್ಯಾಶೆ (ಆ್ಯಪ್ ತಾತ್ಕಾಲಿಕವಾಗಿ ಕೂಡಿಟ್ಟಿರೋ ಫೈಲು) ಕ್ಲಿಯರ್ ಬದ್ಲು ಅದರ ಪಕ್ಕದಲ್ಲಿದ್ದ ಡೇಟಾ ಕ್ಲಿಯರ್ ಒತ್ಬಿಟ್ಟೆ, ಹನ್ನೊಂದು ಡ್ರಾಫ್ಟ್ ಗೋವಿಂದ. ಕ್ಯಾಶೆ ತೆಗೆದ್ರೆ ಏನೂ ಆಗಲ್ಲ, ಡೇಟಾ ತೆಗೆದ್ರೆ ಆ್ಯಪ್ ಹೊಸದಾಗಿ ಹಾಕಿದ ಹಾಗೇ.

ಸುಮ್ನೆಬಂದೆ:
ನೆಟ್ ಸ್ಲೋ ಇರತ್ತೆ, ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹಾಕಿ ನೋಡಿ 😄

ಎಡಿಟಿಂಗ್‌ಹುಚ್ಚ:
ಮೇಲಿನವರು ತಮಾಷೆಗೆ ಹೇಳಿದ್ರೂ ಅದ್ರಲ್ಲಿ ಅರ್ಧ ಸತ್ಯ ಇದೆ. ಸಿನಿಮಾ ಓಡೋದು ಡೌನ್‌ಲೋಡ್ ಸ್ಪೀಡಲ್ಲಿ, ವೀಡಿಯೋ ಹೋಗೋದು ಅಪ್‌ಲೋಡ್ ಸ್ಪೀಡಲ್ಲಿ, ಎರಡೂ ಒಂದೇ ಅಲ್ಲ, ಬಹಳಷ್ಟು ಕನೆಕ್ಷನಲ್ಲಿ ಅಪ್‌ಲೋಡ್ ತುಂಬಾ ಕಡಿಮೆ ಇರುತ್ತೆ. ಸ್ಪೀಡ್ ಟೆಸ್ಟ್ ಮಾಡಿ ಎರಡನೇ ನಂಬರ್ ನೋಡಿ. ಆಮೇಲೆ ಗ್ಯಾಲರೀಲಿ ಆ ವೀಡಿಯೋದ ಡೀಟೇಲ್ಸ್ ತೆಗೆದು ಸೈಜ್ ಎಷ್ಟು, ಚಿತ್ರದ ಸ್ಪಷ್ಟತೆ 4ಕೆ ನಾ 1080 ನಾ, ಸೆಕೆಂಡಿಗೆ 30 ಫ್ರೇಮಾ 60 ಆ ಅಂತ ಇಲ್ಲಿ ಹಾಕಿ. ಇನ್ನೊಂದು, ಅದೇ ವೀಡಿಯೋದಲ್ಲಿ ಹತ್ತು ಸೆಕೆಂಡ್ ಕತ್ತರಿಸಿ ಅದನ್ನ ಅಪ್‌ಲೋಡ್ ಮಾಡಿ ನೋಡಿ. ಅದು ಹೋದ್ರೆ ಅಕೌಂಟು, ಆ್ಯಪು ಎಲ್ಲಾ ಸರಿ ಇದೆ, ತೊಂದ್ರೆ ಬರೀ ಗಾತ್ರದ್ದು. ಅದೂ ಹೋಗ್ಲಿಲ್ಲ ಅಂದ್ರೆ ಬೇರೆ ಕಡೆ ಹುಡುಕೋಣ.

ನಿದ್ದೆಗೆಟ್ಟವಳು:
ಹತ್ತು ಸೆಕೆಂಡಿಂದು ಪಟ್ ಅಂತ ಹೋಯ್ತು!! ದೊಡ್ಡದು 1.2 ಜಿಬಿ ಅಂತೆ, 4ಕೆ 60. ಅಪ್‌ಲೋಡ್ 3 ಎಂಬಿಪಿಎಸ್ ತೋರಿಸ್ತಿದೆ, 3 ಅಂದ್ರೆ ಒಂದು ಸೆಕೆಂಡಿಗೆ 3 ಎಂಬಿ ತಾನೆ, ಹಾಗಾದ್ರೆ ಏಳೆಂಟು ನಿಮಿಷ ಸಾಕಲ್ವಾ?

ಎಡಿಟಿಂಗ್‌ಹುಚ್ಚ:
ಅಲ್ಲೇ ಎಲ್ಲರೂ ಎಡವೋದು. ಸ್ಪೀಡ್ ಟೆಸ್ಟಲ್ಲಿ ಬರೋದು ಮೆಗಾಬಿಟ್, ಫೈಲ್ ಸೈಜ್ ಇರೋದು ಮೆಗಾಬೈಟ್. ಎಂಟು ಬಿಟ್ ಸೇರಿದ್ರೆ ಒಂದು ಬೈಟ್. ಅಂದ್ರೆ 1200ನ್ನ ಎಂಟರಿಂದ ಗುಣಿಸಿ ಮೂರರಿಂದ ಭಾಗಿಸಿ, 3200 ಸೆಕೆಂಡ್, ಹೆಚ್ಚುಕಮ್ಮಿ 53 ನಿಮಿಷ. ಅಷ್ಟು ಹೊತ್ತು ನಿಮ್ಮ ಫೋನ್ ಸ್ಕ್ರೀನ್ ಆನ್ ಇರುತ್ತಾ? ನೀವೇ ಬರ್ದಿದೀರಲ್ಲ, ಪಕ್ಕಕ್ಕಿಟ್ಟು ಹೋಗ್ತೀನಿ ಅಂತ. ಸ್ಕ್ರೀನ್ ಆರಿದ ಮೇಲೆ ಬ್ಯಾಟರಿ ಉಳಿಸೋಕೆ ಅಂತ ಫೋನು ಹಿಂದೆ ಓಡ್ತಿರೋ ಆ್ಯಪನ್ನ ಮಲಗಿಸ್ಬಿಡುತ್ತೆ, ಅಪ್‌ಲೋಡ್ ಅಲ್ಲಿಗೇ ಖತಂ. ಅರ್ಧ ಹೋಗಿದ್ದನ್ನ ಅಲ್ಲಿಂದ್ಲೇ ಮುಂದುವರಿಸೋ ಆ್ಯಪ್‌ಗಳೂ ಇವೆ, ನಿಮ್ಮದು ಹಾಗೆ ಮಾಡ್ತಿಲ್ಲ ಅನ್ಸುತ್ತೆ.
ಹೇಗೂ ಫೋನಲ್ಲೇ ನೋಡೋರಿಗೆ 4ಕೆ ಯಾಕೆ, ಇಂಥ ಆ್ಯಪ್‌ಗಳು ತಮ್ಮ ಕಡೆ ಮತ್ತೆ ಕಂಪ್ರೆಸ್ ಮಾಡೇ ಮಾಡ್ತವೆ. ಯಾವ್ದಾದ್ರೂ ಎಡಿಟಿಂಗ್ ಆ್ಯಪಲ್ಲಿ 1080, 30 ಫ್ರೇಮ್, ಬಿಟ್‌ರೇಟ್ (ಒಂದು ಸೆಕೆಂಡ್ ವೀಡಿಯೋಗೆ ಎಷ್ಟು ಡೇಟಾ ಅನ್ನೋದು) 10 ಎಂಬಿಪಿಎಸ್, ಎಚ್.264 (ವೀಡಿಯೋ ಕುಗ್ಗಿಸೋ ಒಂದು ವಿಧಾನ) ಅಂತ ಇಟ್ಟು ಎಕ್ಸ್‌ಪೋರ್ಟ್ ಮಾಡಿ, 225 ಎಂಬಿ ಆಸುಪಾಸು ಬರುತ್ತೆ, ಹತ್ತು ನಿಮಿಷದ ಕೆಲಸ. ಒರಿಜಿನಲ್ ಡಿಲೀಟ್ ಮಾಡ್ಬೇಡಿ ಮತ್ತೆ. ಆ್ಯಪಿಗೆ ಬ್ಯಾಟರಿ ಸೆಟ್ಟಿಂಗಲ್ಲಿ ‘ಅನ್‌ರಿಸ್ಟ್ರಿಕ್ಟೆಡ್’ ಕೊಡಿ, ಡೇಟಾ ಸೇವರ್ ಆನ್ ಇದ್ರೆ ಆಫ್ ಮಾಡಿ.

ಹಳೇಫೋನು:
ಫೋನಲ್ಲಿ ಜಾಗ ಇದೆಯಾ ಅದನ್ನೂ ನೋಡಿ. ಕಳಿಸೋಕೆ ಮುಂಚೆ ಎಷ್ಟೋ ಆ್ಯಪ್‌ಗಳು ಫೋನಲ್ಲೇ ಇನ್ನೊಂದು ಕಾಪಿ ತಯಾರು ಮಾಡ್ಕೊಳ್ತವೆ, ಸ್ಟೋರೇಜ್ ತುಂಬಿದ್ರೆ ಬಾಯಿಬಿಟ್ಟು ಹೇಳ್ದೇನೇ ಫೇಲ್ ಆಗುತ್ತೆ, ನಂಗೆ ಹೀಗೇ ಆಗಿತ್ತು.

ಕೇಳೋಣಅಂತ:
ಥ್ರೆಡ್ ಮಧ್ಯೆ ನುಗ್ತಿದೀನಿ ಕ್ಷಮಿಸಿ, ನಂದು 99ಕ್ಕೆ ಬಂದು ಗಂಟೆಗಟ್ಲೆ ನಿಲ್ಲುತ್ತೆ, ಇದೂ ಅದೇನಾ?

ಎಡಿಟಿಂಗ್‌ಹುಚ್ಚ:
ಬೇರೆ ಇರ್ಬಹುದು. 99ರ ಹತ್ರ ಬಂದಿದೆ ಅಂದ್ರೆ ಫೈಲ್ ಬಹುಶಃ ಪೂರ್ತಿ ಹೋಗಿದೆ, ಸರ್ವರ್ ಕಡೆ ಪ್ರೊಸೆಸ್ ಆಗ್ತಿರುತ್ತೆ. ಕ್ಯಾನ್ಸಲ್ ಮಾಡಿ ಮತ್ತೆ ಹಾಕೋಕೆ ಮುಂಚೆ ಬೇರೆ ಫೋನಲ್ಲಿ ಇಲ್ಲಾ ಬ್ರೌಸರಲ್ಲಿ ನಿಮ್ಮ ಪ್ರೊಫೈಲ್ ತೆಗೆದು ನೋಡಿ, ಎಷ್ಟೋ ಸಲ ಅಲ್ಲಿ ಆಗ್ಲೇ ಬಂದಿರುತ್ತೆ, ಇಲ್ಲಿ ಮಾತ್ರ ಗೆರೆ ಸುತ್ತುತಾ ಇರುತ್ತೆ.

ನಿದ್ದೆಗೆಟ್ಟವಳು:
ಹೋಯ್ತು ಕಣ್ರೀ!! 1080 ಮಾಡಿದ್ಮೇಲೆ 219 ಎಂಬಿ ಆಯ್ತು, ಚಾರ್ಜರ್ ಹಾಕಿ, ಸ್ಕ್ರೀನ್ ಆರದ ಹಾಗೆ ಆಗಾಗ ಬೆರಳಲ್ಲಿ ಮುಟ್ತಾ ಕೂತಿದ್ದೆ, ಒಂದೇ ಸಲಕ್ಕೆ ಹೋಯ್ತು. ಅಕ್ಕನ ಮಗಳು ನೋಡಿ ಮೊದಲ ಮಾತು ಏನ್ ಹೇಳಿದ್ಲು ಗೊತ್ತಾ, ‘ಚಿಕ್ಕಮ್ಮಾ, ಇದ್ರಲ್ಲಿ ಒಂದು ಸ್ಟೆಪ್ ತಪ್ಪಾಗಿದೆ, ತೆಗೆದುಬಿಡು’.

ಸುಮ್ನೆಬಂದೆ:
😂😂 ಡಿಲೀಟ್ ಮಾಡೋಕೆ 53 ನಿಮಿಷ ಬೇಡ ಬಿಡಿ